ಸದಸ್ಯರ ರಿಯಾಯಿತಿಗೂ ಒಂದು ರಿಜಿಸ್ಟರು ಬೇಕು

ಆಡಿಟ್ಟಿಗೆ ಮುಂಚೆ ಕಚೇರಿಯ ಬೀರುಗಳನ್ನು ಚೊಕ್ಕಟ ಮಾಡುವುದು ನಮ್ಮ ಸಂಘದಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ. ಈ ಸಲ ಹಾಗೆ ಮಾಡುವಾಗ ಮೈಲುತುತ್ತದ ಹಳೆಯ ಬಿಲ್ಲುಗಳ ಅಡಿಯಲ್ಲಿ ಒಂದು ದಪ್ಪ ಲಕೋಟೆ ಸಿಕ್ಕಿತು. ಒಳಗೆ ಹನ್ನೊಂದು ಪತ್ರಗಳು. ಎಲ್ಲವೂ ಬೇರೆ ಬೇರೆ ಊರುಗಳ ರೆಸಾರ್ಟುಗಳವರು, ಹೋಟೆಲಿನವರು ನಮ್ಮ ಸಂಘಕ್ಕೆ ಬರೆದವು. ತಮ್ಮಲ್ಲಿಗೆ ಬರುವ ಸಂಘದ ಸದಸ್ಯರಿಗೆ ಕೊಠಡಿ ಬಾಡಿಗೆಯಲ್ಲಿ ಶೇಕಡಾ ೧೫ ಬಿಡುತ್ತೇವೆ ಎಂದು ಒಬ್ಬರು, ಮಕ್ಕಳಿಗೆ ಊಟ ಉಚಿತ ಎಂದು ಇನ್ನೊಬ್ಬರು, ಮೂರು ರಾತ್ರಿ ಉಳಿದರೆ ನಾಲ್ಕನೆಯದಕ್ಕೆ ಬಾಡಿಗೆ ಇಲ್ಲ ಎಂದು ಮತ್ತೊಬ್ಬರು. ಹನ್ನೊಂದರಲ್ಲಿ ಏಳರ ವಾಯಿದೆ ಮುಗಿದುಹೋಗಿತ್ತು. ಸದಸ್ಯರ ಪೈಕಿ ಇವುಗಳ ಸುದ್ದಿ ಗೊತ್ತಿದ್ದವರು ಬೆರಳೆಣಿಕೆಯ ಮಂದಿ.

ಆ ಬೆರಳೆಣಿಕೆಯವರು ಯಾರೆಂದು ಕುಳಿತು ಲೆಕ್ಕ ಹಾಕಿದೆವು. ಕಳೆದ ಮೂರು ವರ್ಷಗಳಲ್ಲಿ ಈ ಪತ್ರಗಳ ಆಧಾರದಿಂದ ಹೋಗಿಬಂದ ಸಂಸಾರಗಳು ನಮಗೆ ತಿಳಿದ ಮಟ್ಟಿಗೆ ಹದಿನಾಲ್ಕು. ಅವುಗಳಲ್ಲಿ ಒಂಬತ್ತು ನಿರ್ದೇಶಕರದು, ನೌಕರರದು ಅಥವಾ ಅವರ ನೆಂಟರದು. ಆ ಒಂಬತ್ತರಲ್ಲಿ ಒಂದು ನಮ್ಮದೇ ಸಂಸಾರ.

ಯಾರೂ ಮೋಸ ಮಾಡಲಿಲ್ಲ ಎಂಬುದು ನಿಜ. ಪತ್ರ ಕಾರ್ಯದರ್ಶಿಯ ಹೆಸರಿಗೆ ಬರುತ್ತದೆ, ಕಾರ್ಯದರ್ಶಿ ಅದನ್ನು ಓದುವಾಗ ಕೋಣೆಯಲ್ಲಿ ಕಾಫಿ ಕುಡಿಯುತ್ತ ಕುಳಿತವರು ಕೇಳಿಸಿಕೊಳ್ಳುತ್ತಾರೆ, ಮೇ ತಿಂಗಳಲ್ಲಿ ಮಕ್ಕಳು ಹಟ ಹಿಡಿದಾಗ ಅವರಿಗೆ ಅದು ನೆನಪಾಗುತ್ತದೆ. ಅರ್ಧ ಎಕರೆ ಅಡಿಕೆ, ಒಂದೂವರೆ ಎಕರೆ ಕಾಫಿ ಇಟ್ಟುಕೊಂಡು, ಸುಣ್ಣಕ್ಕೋ ಗೊಬ್ಬರಕ್ಕೋ ವರ್ಷಕ್ಕೆ ನಾಲ್ಕು ಸಲ ಕೌಂಟರಿಗೆ ಬಂದು ಹೋಗುವ ಸದಸ್ಯ ಆ ಕೋಣೆಯಲ್ಲಿ ಕೂರುವುದಿಲ್ಲ. ಆದರೆ ರೆಸಾರ್ಟಿನವರು ಪತ್ರ ಬರೆದದ್ದು ಕೋಣೆಯಲ್ಲಿ ಕೂತವರನ್ನು ನೋಡಿ ಅಲ್ಲ. ಈ ಸಂಘಕ್ಕೆ ಇಷ್ಟು ಮಂದಿ ಸದಸ್ಯರಿದ್ದಾರೆ ಎಂಬ ಲೆಕ್ಕ ನೋಡಿ. ಅರ್ಧ ಎಕರೆಯವನ ತಲೆಯನ್ನೂ ಎಣಿಸಿಯೇ ಆ ಶೇಕಡಾ ೧೫ ಬಂದದ್ದು. ಬಂದ ಮೇಲೆ ಅವನಿಗೆ ಹೇಳದಿದ್ದರೆ ಅದು ಎಂಥ ಸಹಕಾರ?

ಗೊಬ್ಬರದ ಒಂದು ಚೀಲ ಹೆಚ್ಚು ಕಡಿಮೆಯಾದರೆ ನಾವು ಸ್ಟಾಕು ಪುಸ್ತಕ ತೆಗೆಸುತ್ತೇವೆ. ರಿಯಾಯಿತಿ ಪತ್ರಕ್ಕೆ ಪುಸ್ತಕವೇ ಇಲ್ಲ. ೧೮೪೪ರಲ್ಲಿ ಇಂಗ್ಲೆಂಡಿನ ರಾಚ್‌ಡೇಲಿನ ನೇಕಾರರು ಮತ್ತಿತರರು ಕೂಡಿ ಅಂಗಡಿ ತೆರೆದಾಗ ಮಿಕ್ಕ ಲಾಭವನ್ನು ಅವರವರು ಅಂಗಡಿಯಲ್ಲಿ ಮಾಡಿದ ಖರೀದಿಗೆ ತಕ್ಕಂತೆ ಹಂಚುವ ಪದ್ಧತಿ ಇಟ್ಟರು. ಪ್ರತಿಯೊಬ್ಬನ ಖರೀದಿಯನ್ನೂ ಬರೆದಿಟ್ಟದ್ದರಿಂದ ಅದು ಸಾಧ್ಯವಾಯಿತು. ನಮ್ಮಲ್ಲೂ ಪೂಲ್ ಇದ್ದ ಕಾಲದಲ್ಲಿ ಕಾಫಿ ಮಂಡಳಿಗೆ ಒಪ್ಪಿಸಿದ ಕಾಫಿಯ ಹಣ ಪಾಯಿಂಟಿನ ಲೆಕ್ಕದಲ್ಲಿ ಕಂತುಕಂತಾಗಿ ಬರುತ್ತಿತ್ತು. ಮನೆಯ ಹಿರಿಯರು ಒಂದೊಂದು ರಸೀದಿಯನ್ನೂ ತಂತಿಗೆ ಚುಚ್ಚಿ ತೊಲೆಗೆ ನೇತುಹಾಕಿ ವರ್ಷಗಟ್ಟಲೆ ಕಾಯುತ್ತಿದ್ದರು. ಬರಬೇಕಾದ ಹಣದ ಜಾಡು ಹಿಡಿಯುವುದನ್ನು ನಮ್ಮ ಬೆಳೆಗಾರನಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಈ ಮಾತನ್ನು ಕಾರ್ಯಕಾರಿ ಸಮಿತಿಯಲ್ಲಿ ಎತ್ತಿದಾಗ ಹಿರಿಯ ನಿರ್ದೇಶಕರೊಬ್ಬರು, “ಸಂಘ ಇರುವುದು ಅಡಿಕೆ ಮಾರಲಿಕ್ಕೆ, ಗೊಬ್ಬರ ತರಿಸಲಿಕ್ಕೆ. ರೆಸಾರ್ಟಿನ ಉಸಾಬರಿ ನಮಗೇಕೆ ಮಾರಾಯರೇ?” ಎಂದರು. ಅವರ ಮಾತಿಗೆ ತೂಕ ಉಂಟು. ಆದರೆ ನಮ್ಮ ಕಸುಬಿನ ಕ್ಯಾಲೆಂಡರನ್ನು ಒಮ್ಮೆ ನೋಡಿದರೆ ಈ ಉಸಾಬರಿ ನಮಗೆ ಏಕೆ ಬೇಕು ಎಂಬುದು ತಿಳಿಯುತ್ತದೆ.

ನವೆಂಬರಿನಲ್ಲಿ ಅರೇಬಿಕಾ ಹಣ್ಣಾಗಲು ಶುರು. ಅದರೊಂದಿಗೇ ಅಡಿಕೆ ಕೊನೆ ಇಳಿಸುವುದು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಅದು ಮುಗಿಯುವಷ್ಟರಲ್ಲಿ ರೋಬಸ್ಟಾ. ಫೆಬ್ರವರಿ, ಮಾರ್ಚಿಯಲ್ಲಿ ಸ್ಪ್ರಿಂಕ್ಲರ್ ಹೊಡೆಯಬೇಕು, ಇಲ್ಲವೇ ಹೂಮಳೆಗೆ ಆಕಾಶ ನೋಡುತ್ತ ಕೂರಬೇಕು. ಹೂ ಬಿಟ್ಟ ಮೇಲೆ ಇನ್ನೊಂದು ಮಳೆಗೆ ಕಾಯಬೇಕು. ಮುಂಗಾರು ಹಿಡಿಯುವ ಮುಂಚೆ ಗೊಬ್ಬರ, ಹಿಡಿದೊಡನೆ ಕೊಳೆರೋಗಕ್ಕೆ ಬೋರ್ಡೋ. ಅದು ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬಷ್ಟು ಸರಳ, ಮರ ಹತ್ತುವ ಕೊನೆಗಾರ ಸಿಕ್ಕಿದರೆ. ನಲವತ್ತು ನಲವತ್ತೈದು ದಿನಕ್ಕೆ ಎರಡನೆಯ ಸಲ. ಮಿಕ್ಕುವುದೆಂದರೆ ಏಪ್ರಿಲ್ ಕೊನೆಯಿಂದ ಮೇ ನಡುವಿನವರೆಗೆ ಎರಡು ವಾರ, ಎರಡನೆಯ ಔಷಧಿ ಮುಗಿದ ಮೇಲೆ ಆಗಸ್ಟಿನಲ್ಲಿ ಚೌತಿಯವರೆಗೆ ಒಂದಷ್ಟು ದಿನ. ಊರಿಗೆ ಊರು ಕ್ರಿಸ್‌ಮಸ್ ರಜೆಯೆಂದು ನಮ್ಮ ಘಟ್ಟಕ್ಕೆ ಕಾರು ಹತ್ತಿಸಿ ಬರುವಾಗ ನಾವು ಕಣದಲ್ಲಿ ಕಾಫಿ ಹರವುತ್ತಿರುತ್ತೇವೆ.

ಇದರಲ್ಲಿ ಮನೆಯ ಹೆಂಗಸರ ಪಾಡು ಬೇರೆಯೇ. ಕೊಯ್ಲಿನ ಕಾಲದಲ್ಲಿ ಆಳುಕಾಳಿನ ಕಾಫಿ ತಿಂಡಿ, ಮಳೆಗಾಲದಲ್ಲಿ ಒಲೆಯ ಮುಂದೆ ಬಟ್ಟೆ ಒಣಗಿಸುವುದು. ಮದುವೆ ಮುಂಜಿ ಬಿಟ್ಟರೆ ಮನೆಯ ಹೊರಗೆ ಒಂದು ರಾತ್ರಿ ಕಳೆಯದವರು ನಮ್ಮ ಸದಸ್ಯರ ಮನೆಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ದೊಡ್ಡ ಎಸ್ಟೇಟಿನವರಿಗೆ ಪ್ಲಾಂಟರ್ಸ್ ಕ್ಲಬ್ಬು ಉಂಟು, ಆ ಕ್ಲಬ್ಬಿಗೆ ಒಡಂಬಡಿಕೆಯಿರುವ ಬೇರೆ ಊರಿನ ಕ್ಲಬ್ಬಿನ ಕೋಣೆಯೂ ಉಂಟು. ಸಣ್ಣ ಬೆಳೆಗಾರನಿಗೆ ಇರುವುದು ಈ ಸಂಘವೊಂದೇ. ಆದ್ದರಿಂದ ಹಿರಿಯ ನಿರ್ದೇಶಕರಲ್ಲಿ ನಮ್ಮ ಅರಿಕೆ: ಉಸಾಬರಿ ಬೇಡವೆಂದಾದರೆ ಪತ್ರಗಳನ್ನೆಲ್ಲ ಹಿಂದಕ್ಕೆ ಕಳಿಸೋಣ. ಇಟ್ಟುಕೊಂಡರೆ ಎಲ್ಲರಿಗೂ ತಿಳಿಸಿ ಇಟ್ಟುಕೊಳ್ಳೋಣ.

ಇನ್ನು ರಿಯಾಯಿತಿ ಎಂಬುದರ ಒಳಗುಟ್ಟು. ಚೆರಿ ಕಾಫಿಯ ಚೀಲಕ್ಕೆ ಎಷ್ಟು ಎಂದು ವ್ಯಾಪಾರಿ ಹೇಳಿದ ಕೂಡಲೇ ನಮ್ಮವರು ಔಟ್‌ಟರ್ನಿನ ಮಾತು ತೆಗೆಯುತ್ತಾರೆ. ಐವತ್ತು ಕಿಲೋ ಚೀಲದಲ್ಲಿ ಬೀಜ ಎಷ್ಟು ಕಿಲೋ ಇಳಿಯುತ್ತದೆ ಎಂಬುದು ಗೊತ್ತಾಗದೆ ಬೆಲೆಗೆ ಅರ್ಥವಿಲ್ಲ. ರಿಯಾಯಿತಿಗೂ ಔಟ್‌ಟರ್ನ್ ಇರುತ್ತದೆ. ಶೇಕಡಾ ೨೦ ಎಂದರೆ ಯಾವ ದರದ ಮೇಲೆ ೨೦? ಹೆಚ್ಚಿನ ಕಡೆ ಅದು ಬೋರ್ಡಿನ ಮೇಲೆ ಬರೆದ ದರದ ಮೇಲೆ. ಆ ದರವನ್ನು ಜನಸಂದಣಿಯ ನಾಲ್ಕು ದಿನ ಬಿಟ್ಟರೆ ಯಾರೂ ಕೊಡುವುದಿಲ್ಲ. ನಾವು ಹೋದ ಕಡಲತೀರದ ರೆಸಾರ್ಟಿನಲ್ಲಿ ಆದದ್ದು ಇದೇ. ಸಂಘದ ಪತ್ರ ತೋರಿಸಿ ಶೇಕಡಾ ೨೦ ಕಳೆಸಿಕೊಂಡು ಹಿಗ್ಗಿದೆವು. ಪಕ್ಕದ ಕೋಣೆಯಲ್ಲಿದ್ದ ದಾವಣಗೆರೆ ಕಡೆಯ ಸಂಸಾರದವರು ಯಾವ ಪತ್ರವೂ ಇಲ್ಲದೆ ಫೋನಿನಲ್ಲಿ ಕೇಳಿ ಬಂದವರು ನಮಗಿಂತ ಇನ್ನೂರು ರೂಪಾಯಿ ಕಡಿಮೆ ಕೊಟ್ಟಿದ್ದರು. ಅಂದಿನಿಂದ ನಾವು ಒಂದು ಪಾಠ ಕಲಿತೆವು. ಮೊದಲು ಫೋನು ಮಾಡಿ ಸದಸ್ಯರೆಂದು ಹೇಳದೆ ಆ ತಾರೀಖಿನ ದರ ಕೇಳಬೇಕು. ಬರೆದುಕೊಂಡ ಮೇಲೆ ಸದಸ್ಯರ ದರ ಕೇಳಬೇಕು. ಎರಡರ ನಡುವಿನ ಅಂತರವೇ ನಿಜವಾದ ರಿಯಾಯಿತಿ.

ತೆರಿಗೆಯ ವಿಷಯವನ್ನು ಮಾತ್ರ ಸ್ವಲ್ಪ ನಿಧಾನವಾಗಿ ಓದಬೇಕೆಂದು ಕೋರುತ್ತೇವೆ, ಏಕೆಂದರೆ ಇದರಲ್ಲಿ ನಿಜವಾದ ಹಣ ಉಂಟು. ೨೦೨೫ರ ಸೆಪ್ಟೆಂಬರ್ ೨೨ರಿಂದ ಜಾರಿಗೆ ಬಂದ ದರದಂತೆ ಕೊಠಡಿಯ ದಿನದ ಬಾಡಿಗೆ ೭,೫೦೦ ರೂಪಾಯಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಜಿ.ಎಸ್.ಟಿ. ಶೇಕಡಾ ೫. ೭,೫೦೦ ದಾಟಿದರೆ ಶೇಕಡಾ ೧೮. ಇಲ್ಲಿ ಲೆಕ್ಕಕ್ಕೆ ಬರುವುದು ಬೋರ್ಡಿನ ದರವಲ್ಲ, ಬಿಲ್ಲಿನಲ್ಲಿ ನಿಜವಾಗಿ ಹಾಕಿದ ದರ. ಕೊಠಡಿಗೆ ೮,೦೦೦ ಎಂದಿಟ್ಟುಕೊಳ್ಳಿ. ರಿಯಾಯಿತಿ ಇಲ್ಲದೆ ಹೋದರೆ ತೆರಿಗೆ ೧,೪೪೦ ಸೇರಿ ೯,೪೪೦ ಕೊಡಬೇಕು. ಶೇಕಡಾ ೧೦ ರಿಯಾಯಿತಿಯನ್ನು ಬಿಲ್ಲಿನಲ್ಲೇ ಕಳೆದರೆ ಬಾಡಿಗೆ ೭,೨೦೦, ತೆರಿಗೆ ೩೬೦, ಒಟ್ಟು ೭,೫೬೦. ರೆಸಾರ್ಟಿನವರು ಬಿಟ್ಟದ್ದು ೮೦೦, ನಮಗೆ ಉಳಿದದ್ದು ೧,೮೮೦. ಅದೇ ಎಂಟುನೂರನ್ನು ಬಿಲ್ಲಿನಲ್ಲಿ ಕಳೆಯದೆ, “ಮುಂದಿನ ಸಲ ಬಂದಾಗ ಉಪಯೋಗಿಸಿ” ಎಂದು ಕೂಪನ್ನಿನ ರೂಪದಲ್ಲಿ ಕೈಗಿಟ್ಟರೆ ಈ ಸಲ ೯,೪೪೦ನ್ನೇ ಕಟ್ಟಿ ಬರಬೇಕು. ಹಾಗಾಗಿ ಪತ್ರದಲ್ಲಿ ರಿಯಾಯಿತಿಯನ್ನು ಬಿಲ್ಲಿನಲ್ಲೇ ಕಳೆಯತಕ್ಕದ್ದು ಎಂದು ಬರೆಸಿಕೊಳ್ಳುವುದು ಸಂಘದ ಕೆಲಸ. ಊಟ ತಿಂಡಿ ಸೇರಿಸಿ ಒಟ್ಟು ದರ ಹೇಳುವ ಕಡೆ ಬಿಲ್ಲನ್ನು ಹೇಗೆ ಹಾಕುತ್ತಾರೆ ಎಂದು ಮೊದಲೇ ಕೇಳಿಕೊಳ್ಳಬೇಕು.

ಮಳೆಗಾಲದ ವಿಶೇಷ ರಿಯಾಯಿತಿಗಳ ಬಗ್ಗೆ ಒಂದು ಮಾತು. ಘಟ್ಟದ ರೆಸಾರ್ಟಿನವರು ಆಗಸ್ಟಿನಲ್ಲಿ ಧಾರಾಳವಾಗಿ ಕಳೆಯುತ್ತಾರೆ. ಜೂನಿನಿಂದ ಸೋರುವ ಹೆಂಚು ಸರಿಸಿ ಸಾಕಾದ ನಾವು ಹಣ ಕೊಟ್ಟು ಇನ್ನೊಂದು ಕಡೆಯ ಮಳೆ ನೋಡಲು ಹೋಗಬೇಕೆ? ಆ ದಿನಗಳಲ್ಲಿ ನಮಗೆ ಬೇಕಾದದ್ದು ಬಯಲುಸೀಮೆಯ ಒಣ ಗಾಳಿ. ಹಂಪಿ, ಬಾದಾಮಿ ಕಡೆಯ ವಸತಿಗಳಿಂದ ಪತ್ರ ತರಿಸುವ ಪ್ರಯತ್ನವನ್ನು ಸಂಘ ಮಾಡಬೇಕು. ಹನ್ನೊಂದು ಪತ್ರಗಳಲ್ಲಿ ಆ ಕಡೆಯದು ಒಂದೂ ಇಲ್ಲ.

ಈಗ ನಮ್ಮ ಮನಸ್ಸಿಗೆ ಹೆಚ್ಚು ನೋವು ತಂದ ಸಂಗತಿಗೆ ಬರುತ್ತೇವೆ.

೨೦೨೪-೨೫ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಧಾರಣೆ ಬಂದದ್ದು ಎಲ್ಲರಿಗೂ ನೆನಪಿದೆ. ಆ ವರ್ಷ ನಮ್ಮ ಸದಸ್ಯರೊಬ್ಬರು ಜಿಲ್ಲಾ ಕೇಂದ್ರದ ಹೋಟೆಲೊಂದಕ್ಕೆ ಊಟಕ್ಕೆ ಕರೆಯಿಸಿಕೊಂಡು ಹೋದರು. ಗಂಡ ಹೆಂಡತಿ ಇಬ್ಬರೂ ಬರಲೇಬೇಕು, ಬಂದವರಿಗೆ ಮೂರು ರಾತ್ರಿಯ ವಸತಿ ಉಚಿತ ಎಂಬ ಕರೆ. ಮೂರು ಗಂಟೆ ಕೂರಿಸಿಕೊಂಡು ಮಾತನಾಡಿದ ಮೇಲೆ ಅವರು ಇಪ್ಪತ್ತೈದು ವರ್ಷದ ರಜಾ ಸದಸ್ಯತ್ವವೊಂದಕ್ಕೆ ಸಹಿ ಹಾಕಿ ಬಂದರು. ಇಂಥ ಸದಸ್ಯತ್ವಗಳು ನಮ್ಮ ದೇಶಕ್ಕೆ ೧೯೮೦ರ ದಶಕದಲ್ಲೇ ಬಂದವು. ಒಮ್ಮೆ ದೊಡ್ಡ ಮೊತ್ತ ಕಟ್ಟಬೇಕು, ಆಮೇಲೆ ಪ್ರತಿವರ್ಷ ನಿರ್ವಹಣಾ ಶುಲ್ಕ ಕಟ್ಟಬೇಕು, ವರ್ಷಕ್ಕೆ ಒಂದು ವಾರ ಆ ಕಂಪನಿಯ ರೆಸಾರ್ಟುಗಳಲ್ಲಿ ಉಳಿಯಬಹುದು. ಎಷ್ಟೋ ಕಂಪನಿಗಳು ವರ್ಷದ ವಾರಗಳಿಗೆ ಬಣ್ಣ ಕೊಟ್ಟಿರುತ್ತವೆ. ಜನ ನುಗ್ಗುವ ಡಿಸೆಂಬರ್, ಮೇ ತಿಂಗಳ ಬಣ್ಣಕ್ಕೆ ಬೆಲೆ ಹೆಚ್ಚು, ಮಳೆಗಾಲದ ಬಣ್ಣಕ್ಕೆ ಕಡಿಮೆ. ನಮ್ಮ ಸದಸ್ಯರು ಕೊಂಡದ್ದು ಎಲ್ಲಕ್ಕಿಂತ ಮೇಲಿನ ಬಣ್ಣ. “ಯಾವಾಗ ಬೇಕಾದರೂ ಹೋಗಬಹುದು ಸಾರ್” ಎಂದರಂತೆ. ಡಿಸೆಂಬರಿನಲ್ಲಿ ಅವರು ತೋಟ ಬಿಟ್ಟು ಎಲ್ಲಿಗೆ ಹೋದಾರು? ಮೇ ತಿಂಗಳಲ್ಲಿ ತಮಗೆ ಸಿಗುವ ಎರಡು ವಾರಕ್ಕೆ ಕೇಳಿದರೆ ಊಟಿಯಿಂದ ಮುನ್ನಾರಿನವರೆಗೆ ಎಲ್ಲೂ ಜಾಗವಿಲ್ಲ, ತಿಂಗಳುಗಳ ಹಿಂದೆಯೇ ತುಂಬಿಹೋಗಿದೆ. ಆಗಸ್ಟಿನಲ್ಲಿ ಜಾಗ ಸಿಕ್ಕಿತು, ಹೋಗಿಯೂ ಬಂದರು. ಅದಕ್ಕೆ ಕೆಳಗಿನ ಬಣ್ಣವೇ ಸಾಕಾಗಿತ್ತು.

ಲೆಕ್ಕಕ್ಕಾಗಿ ಪ್ರವೇಶಧನ ೪ ಲಕ್ಷ, ವಾರ್ಷಿಕ ಶುಲ್ಕ ೨೦,೦೦೦ ಎಂದಿಟ್ಟುಕೊಳ್ಳೋಣ. ಇಪ್ಪತ್ತೈದು ವರ್ಷಕ್ಕೆ ಏಳರಂತೆ ೧೭೫ ರಾತ್ರಿ. ಒಂದು ವರ್ಷವೂ ತಪ್ಪಿಸದೆ ಹೋದರೂ ಪ್ರವೇಶಧನದ ಪಾಲು ರಾತ್ರಿಗೆ ಸುಮಾರು ೨,೨೮೫, ವಾರ್ಷಿಕ ಶುಲ್ಕದ ಪಾಲು ಸುಮಾರು ೨,೮೫೫, ಒಟ್ಟು ಐದು ಸಾವಿರಕ್ಕೆ ಮೇಲೆ, ಊಟ ಬೇರೆ. ಅದೇ ೪ ಲಕ್ಷವನ್ನು ಶೇಕಡಾ ೭ರ ಠೇವಣಿ ಇಟ್ಟರೆ ವರ್ಷಕ್ಕೆ ೨೮,೦೦೦ ಬಡ್ಡಿ. ಕಟ್ಟಬೇಕಾಗಿದ್ದ ಶುಲ್ಕವನ್ನೂ ಸೇರಿಸಿದರೆ ಕೈಯಲ್ಲಿ ೪೮,೦೦೦. ಏಳು ರಾತ್ರಿಗೆ ಹಂಚಿದರೆ ರಾತ್ರಿಗೆ ೬,೮೫೦ ರೂಪಾಯಿಯ ಕೊಠಡಿ ಹಿಡಿಯಬಹುದು, ಹೋಗದ ವರ್ಷ ಹಣ ಉಳಿಯುತ್ತದೆ, ಅಸಲು ಹಾಗೇ ಇರುತ್ತದೆ. ಪೇಟೆಯಲ್ಲಿ ಸಂಬಳದ ಮೇಲೆ ಇರುವವರಿಗೆ, ಪ್ರತಿವರ್ಷ ಮಕ್ಕಳ ರಜೆಗೆ ತಪ್ಪದೆ ಹೋಗುವವರಿಗೆ ಈ ಸದಸ್ಯತ್ವ ಹೊಂದಬಹುದು, ಹೊಂದಿ ಸುಖವಾಗಿರುವವರೂ ಇದ್ದಾರೆ. ಕೊಳೆರೋಗ ಬಂದ ವರ್ಷ ಆಳಿನ ಬಟವಾಡೆಗೇ ತತ್ವಾರವಾಗುವ ನಮಗೆ, ಬೆಳೆ ಹೋದರೂ ಬಿಡದ ಇಪ್ಪತ್ತೈದು ವರ್ಷದ ಶುಲ್ಕ ಸಲ್ಲದು ಎಂಬುದು ನಮ್ಮ ಅಭಿಪ್ರಾಯ.

ಆ ಸದಸ್ಯರು ಕಾಗದಪತ್ರ ಹಿಡಿದು ಕಚೇರಿಗೆ ಬಂದದ್ದು ಸಹಿ ಹಾಕಿದ ನಾಲ್ಕು ತಿಂಗಳ ಮೇಲೆ. ಇಂತಿಷ್ಟು ದಿನದೊಳಗೆ ಬರೆದು ತಿಳಿಸಿದರೆ ಕರಾರನ್ನು ರದ್ದು ಮಾಡಬಹುದೆಂದು ಅದರಲ್ಲೇ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು. ಆ ದಿನಗಳು ಎಂದೋ ಕಳೆದುಹೋಗಿದ್ದವು. ಇಂಥ ಪರಿಸ್ಥಿತಿಯಲ್ಲಿ ಇರುವವರು ಒಂದು ವಿಷಯ ತಿಳಿದಿರಬೇಕು. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದೂರನ್ನು ಕಂಪನಿಯ ಊರಿಗೆ ಹೋಗಿ ಕೊಡಬೇಕಾಗಿಲ್ಲ. ದೂರುದಾರ ವಾಸವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ಕೊಡಬಹುದು. ಕೊಟ್ಟ ಹಣ ೫ ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು. ಅವರ ದೂರನ್ನು ನಮ್ಮ ಕಚೇರಿಯಲ್ಲೇ ಕುಳಿತು ಬರೆದೆವು, ಇತ್ಯರ್ಥ ಇನ್ನೂ ಆಗಿಲ್ಲ.

ಅವರ ಫೋನ್ ನಂಬರು ಆ ಕಂಪನಿಗೆ ಎಲ್ಲಿಂದ ಸಿಕ್ಕಿತು? ಅದನ್ನು ಬರೆಯಲು ಸಂಕೋಚವಾಗುತ್ತದೆ, ಆದರೂ ಬರೆಯಬೇಕು. ನಾವು ಉಳಿದು ಬಂದ ಅದೇ ಕಡಲತೀರದ ರೆಸಾರ್ಟು ಮೊದಲ ಸಲ ನಮ್ಮನ್ನು “ಪರಿಚಯಕ್ಕಾಗಿ” ಎಂದು ಎರಡು ರಾತ್ರಿ ಬಾಡಿಗೆಯಿಲ್ಲದೆ ಇರಿಸಿಕೊಂಡಿತ್ತು. ಹಿಂದಿರುಗಿದ ತಿಂಗಳಿಗೆ ಅಲ್ಲಿನ ಮ್ಯಾನೇಜರು, ರಿಯಾಯಿತಿ ಕಾರ್ಡು ಕಳಿಸಬೇಕು, ಸದಸ್ಯರ ಹೆಸರು ಮತ್ತು ಫೋನಿನ ಪಟ್ಟಿ ಕೊಡಿ ಎಂದರು. ಅವರ ಮನೆಯ ಊಟ ಉಂಡಿದ್ದೆವು. ಇಲ್ಲ ಎನ್ನಲು ಬಾಯಿ ಬರಲಿಲ್ಲ, ಕೊಟ್ಟೆವು. ಕಾರ್ಡು ಯಾರಿಗೂ ಬರಲಿಲ್ಲ. ಕೆಲವು ತಿಂಗಳಲ್ಲಿ ನಮ್ಮ ಸದಸ್ಯರಿಗೆ ರಜಾ ಸದಸ್ಯತ್ವದ ಕರೆಗಳು ಒಂದರ ಮೇಲೊಂದು ಬರತೊಡಗಿದವು. ಎರಡಕ್ಕೂ ಸಂಬಂಧ ಉಂಟೆಂದು ರುಜುವಾತು ಮಾಡಲಾರೆವು. ಇಲ್ಲವೆಂದು ನಮ್ಮನ್ನು ನಾವು ಸಮಾಧಾನಪಡಿಸಿಕೊಳ್ಳಲೂ ಆಗುತ್ತಿಲ್ಲ. ಸದಸ್ಯರ ಪಟ್ಟಿಯನ್ನು ಇನ್ನು ಮುಂದೆ ಯಾರಿಗೂ ಕೊಡಕೂಡದೆಂದು ಸಮಿತಿ ನಿರ್ಣಯ ಮಾಡಿದೆ. ಆ ನಿರ್ಣಯವನ್ನು ಮಂಡಿಸಿದವರು ನಾವೇ.

ಪುಸ್ತಕ ತೆರೆದಾಗಿದೆ. ಅಡಿಕೆ ತೂಕದ ಪುಸ್ತಕದ ಪಕ್ಕದಲ್ಲಿ, ಕೌಂಟರಿನ ಮೇಲೆಯೇ ಇಟ್ಟಿದೆ, ಯಾವ ಸದಸ್ಯರೂ ಕೇಳದೆ ತೆಗೆದು ನೋಡಬಹುದು. ಎಡಪುಟದಲ್ಲಿ ಪತ್ರ ಯಾರದು, ಎಂದು ಬಂತು, ಯಾವ ತಾರೀಖಿನವರೆಗೆ ಸಲ್ಲುತ್ತದೆ, ಯಾವ ದರದ ಮೇಲೆ ಎಷ್ಟು, ರಿಯಾಯಿತಿ ಕೊಡದ ದಿನಗಳು ಯಾವುವು, ಮುಂಗಡ ಕಟ್ಟಿ ರದ್ದು ಮಾಡಿದರೆ ಎಷ್ಟು ಹಿಂದಕ್ಕೆ ಬರುತ್ತದೆ ಎಂಬುದು. ಬಲಪುಟ ಹೋಗಿಬಂದವರಿಗೆ. ಹೆಸರು, ತಾರೀಖು, ಫೋನಿನಲ್ಲಿ ಹೇಳಿದ ದರ, ಬಿಲ್ಲಿನಲ್ಲಿ ಹಾಕಿದ ದರ, ಬಿಲ್ಲಿನ ಒಂದು ನಕಲು. ಕೊಠಡಿ ಹೇಗಿತ್ತು, ವಯಸ್ಸಾದವರಿಗೆ ಮೆಟ್ಟಿಲು ಎಷ್ಟು ಹತ್ತಬೇಕು, ಅನ್ನ ಬಿಸಿಯಾಗಿತ್ತೇ ಎಂಬುದನ್ನೂ ಬರೆಯಬಹುದು. ಇದನ್ನು ಬರೆಯುವುದರಲ್ಲಿ ಮನೆಯವರ ಕೈ ಮುಂದಿದ್ದರೆ ಪುಸ್ತಕಕ್ಕೆ ಬೆಲೆ ಬರುತ್ತದೆ. ಗಂಡಸರು ಬರೆದರೆ “ಪರವಾಗಿಲ್ಲ” ಎಂಬ ಒಂದೇ ಮಾತಿಗೆ ನಿಲ್ಲುತ್ತದೆಂದು ನಮಗೆ ಅನುಭವದಿಂದ ಗೊತ್ತು.

ನಿರ್ದೇಶಕರು, ನೌಕರರು ಉಪಯೋಗಿಸಿದ್ದನ್ನು ಕೆಂಪು ಶಾಯಿಯಲ್ಲಿ ಬರೆಯಬೇಕು, ಕೊಠಡಿಗಳ ಸಂಖ್ಯೆ ಮಿತವಾಗಿದ್ದಲ್ಲಿ ಒಮ್ಮೆಯೂ ಹೋಗದ ಸದಸ್ಯರಿಗೆ ಮೊದಲ ಅವಕಾಶ ಇರಬೇಕು, ಬಾಡಿಗೆಯಿಲ್ಲದ ರಾತ್ರಿಗಳು ಸಂಘಕ್ಕೆ ಬಂದರೆ ಎಲ್ಲ ಸದಸ್ಯರ ನಡುವೆ ಚೀಟಿ ಎತ್ತಬೇಕು ಎಂಬ ಮೂರು ಸೂಚನೆಗಳನ್ನು ಮುಂದಿನ ವಾರ್ಷಿಕ ಮಹಾಸಭೆಯ ಮುಂದೆ ಇಡಲಿದ್ದೇವೆ. ಚೀಟಿಯ ಮಾತಿಗೆ ಸಮಿತಿಯಲ್ಲಿ ಒಮ್ಮತ ಬರಲಿಲ್ಲ. ಸಭೆಯಲ್ಲಿ ಸದಸ್ಯರೇ ತೀರ್ಮಾನಿಸಲಿ. ಹೋಂಸ್ಟೇ ನಡೆಸುವ ನಮ್ಮ ಸದಸ್ಯರು ಕೆಲವರು, ಹೊರಗಿನವರ ಪತ್ರ ಬರೆದಿಡುವ ಪುಸ್ತಕದಲ್ಲಿ ತಮ್ಮ ಮನೆಗಳಿಗೂ ಜಾಗ ಕೊಡಿ ಎಂದು ಕೇಳಿದ್ದಾರೆ. ಅದು ನ್ಯಾಯವೇ. ಕರಾವಳಿಯ ಅಡಿಕೆ ಬೆಳೆಗಾರರ ಸಂಘಗಳೊಡನೆ ಮಾತಾಡಿ, ಅವರ ಸದಸ್ಯರು ನಮ್ಮಲ್ಲಿ, ನಮ್ಮವರು ಅವರಲ್ಲಿ ಉಳಿಯುವ ಏರ್ಪಾಡು ಆದೀತೇ ಎಂದೂ ವಿಚಾರಿಸಲಿದ್ದೇವೆ.

ವಾಯಿದೆ ಮುಗಿಯದ ನಾಲ್ಕು ಪತ್ರಗಳ ವಿವರವನ್ನು ಪುಸ್ತಕದ ಮೊದಲ ಎರಡು ಹಾಳೆಗಳಲ್ಲಿ ಬರೆದಿದೆ. ಅವುಗಳಲ್ಲಿ ಎರಡು ಮಾರ್ಚಿ ೩೧ಕ್ಕೆ ಮುಗಿಯುತ್ತವೆ, ನವೀಕರಣಕ್ಕೆ ಬರೆದಿದ್ದೇವೆ. ಬಲಪುಟದ ಮೊದಲ ಸಾಲು ಕೆಂಪು ಶಾಯಿಯದು, ಹೆಸರು ನಮ್ಮದು. ಬಾಡಿಗೆಯಿಲ್ಲದೆ ಉಳಿದ ಆ ಎರಡು ರಾತ್ರಿಯ ಹಣವನ್ನು ಬೋರ್ಡಿನ ದರದಲ್ಲೇ ಸಂಘಕ್ಕೆ ಕಟ್ಟಿ ರಸೀದಿ ಪಡೆದಿದ್ದೇವೆ. ಇತರ ರಿಯಾಯಿತಿ ಕಾರ್ಡುಗಳು, ರಜಾ ಸದಸ್ಯತ್ವದ ಕರಾರುಗಳು ಯಾರ ಮನೆಯಲ್ಲಾದರೂ ಇದ್ದರೆ ಸುಣ್ಣ ಒಯ್ಯಲು ಬರುವಾಗ ತರಬೇಕು. ಸಹಿ ಹಾಕುವ ಮುಂಚೆ ತಂದರೆ ಇನ್ನೂ ಒಳ್ಳೆಯದು.